ನರೆ: ನಾಮಪದವಾ, ಕ್ರಿಯಾಪದವಾ?

ಭಾಗ 1/9
ಫೋಟೋ: ನನ್ನ ಬಾಚಣಿಗೆ. ಅದರಲ್ಲಿ ಸಿಕ್ಕಿಕೊಂಡಿರೋ ಬಿಳಿ ಎಳೆ ನಂದೇ, ಅಮ್ಮಂದಲ್ಲ.

ಮೊನ್ನೆ ಸ್ಟೋರೀಲಿ ಒಂದು ಪೋಲ್ ಹಾಕಿದ್ದೆ. "ನರೆ" ಅನ್ನೋ ಪದ ನಾಮಪದವಾ, ಕ್ರಿಯಾಪದವಾ? ಹೆಚ್ಚಿನವರು ನಾಮಪದ ಒತ್ತಿದ್ರಿ. ಒಬ್ಬ ಮಾತ್ರ "ಎರಡೂ ಅಲ್ಲ, ಟೆನ್ಷನ್" ಅಂತ ರಿಪ್ಲೈ ಮಾಡಿದ್ದ. ಅವನಿಗೆ ಉತ್ತರ ಎರಡನೇ ಭಾಗದಲ್ಲಿದೆ.

ಸರಿಯಾದ ಉತ್ತರ: ಎರಡೂ.

"ತಲೇಲಿ ನರೆ ಕಾಣ್ತಿದೆ" ಅಂದಾಗ ಅದು ನಾಮಪದ. "ತಲೆ ನರೆತಿದೆ" ಅಂದಾಗ ಅದೇ ಪದ ಕ್ರಿಯಾಪದ. "ನರೆತ ಕೂದಲು" ಅಂದ್ರೆ ಕ್ರಿಯೆಯಿಂದ ಹುಟ್ಟಿ ಕೂದಲಿನ ಮುಂದೆ ವಿಶೇಷಣವಾಗಿ ನಿಂತಿದೆ, ಅದನ್ನ ಕೃದಂತ ಅಂತೀವಿ. ಒಂದೇ ಪದ, ಮೂರು ಕೆಲಸ.

ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ, ಕಂಪ್ಯೂಟರ್ ಮಾರೋ ಅಂಗಡಿಯವನಿಗೆ ಕಂಪ್ಯೂಟರ್ ಅನ್ನೋದು ಸ್ಟಾಕ್. ಅದನ್ನ ಕೊಂಡು ಬಿಲ್ ಹಾಕೋಕೆ ಇಟ್ಕೊಂಡ ದಿನಸಿ ಅಂಗಡಿಯವನಿಗೆ ಅದು ಸ್ಥಿರಾಸ್ತಿ. ವಸ್ತು ಬದಲಾಗಿಲ್ಲ, ಯಾವ ಖಾತೆಗೆ ಹೋಗುತ್ತೆ ಅನ್ನೋದು ಬಳಕೆ ಮೇಲೆ. ಪದಗಳೂ ಹಂಗೇನೇ.

ಈ ಸರಣೀಲಿ ಒಂಬತ್ತು ಪೋಸ್ಟ್ ಇರುತ್ತೆ. ಕೂದಲು ಮತ್ತು ಬಣ್ಣಕ್ಕೆ ನಾವು ದಿನಾ ಬಳಸೋ ಪದಗಳು ಯಾವ ಖಾತೆಗೆ ಸೇರ್ತವೆ ಅಂತ ನೋಡೋಣ. ಬರೀ ಎರಡು ಮಾರ್ಕಿನ ಪ್ರಶ್ನೆ ಅಂತ ಅನ್ಕೋಬೇಡಿ. ಇದರಲ್ಲಿ ನಮ್ಮ ಕ್ಲಾಸಿನ ಒಂದು ವಿಷಯವೂ ಇದೆ. ಅದಕ್ಕೆ ಕೊನೇಲಿ ಬರ್ತೀನಿ, ಮೊದಲು ವ್ಯಾಕರಣ ಮುಗಿಸೋಣ.

ಒಂದು ಸಣ್ಣ ಟಿಪ್ಪಣಿ. ತುಂಬಾ ಜನ "ಬಾಲನೆರೆ" ಅಂತಾರೆ. ನೆರೆ ಅಂದ್ರೆ ಪ್ರವಾಹ, ನೆರೆ ಅಂದ್ರೆ ಪಕ್ಕದ ಮನೆ, ನೆರೆ ಅಂದ್ರೆ ಜನ ಸೇರೋದು. ಕೂದಲಿಗೆ ನರೆ ಅಂತ ಬರೆಯೋಣ. ನನಗೆ ಬಂದಿರೋದು ಬಾಲನರೆ. ತಲೇಲಿ ಪ್ರವಾಹ ಏನೂ ಬಂದಿಲ್ಲ.

ಭಾಗ 2/9
ಫೋಟೋ: ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನ ಫೋಟೋ. ಜೂಮ್ ಮಾಡಿದ್ರೆ ಬಲಗಡೆ ಬೈತಲೆ ಪಕ್ಕ ಮೊದಲನೇದು ಕಾಣುತ್ತೆ.

ನಾಮಪದ ಯಾವುದು, ಕ್ರಿಯಾಪದ ಯಾವುದು ಅಂತ ಹೇಗೆ ಗುರುತಿಸೋದು? ಸುಲಭ. ನಾಮಪದಕ್ಕೆ ವಿಭಕ್ತಿ ಅಂಟುತ್ತೆ: ನರೆಯನ್ನು, ನರೆಯಿಂದ, ನರೆಗೆ, ನರೆಯ. ಕ್ರಿಯಾಪದಕ್ಕೆ ಕಾಲ ಅಂಟುತ್ತೆ: ನರೆತಿದೆ, ನರೀತಾ ಇದೆ, ನರೆಯುತ್ತೆ.

ಅಂದ್ರೆ ನಾಮಪದದಲ್ಲಿ ಗಡಿಯಾರ ಇಲ್ಲ, ಕ್ರಿಯಾಪದದಲ್ಲಿ ಇದೆ. "ನರೆಗೂದಲು" ಅಂದ್ರೆ ಯಾವಾಗಿಂದ, ಎಷ್ಟು, ಇನ್ನೂ ಆಗ್ತಾ ಇದೆಯಾ, ಯಾವುದೂ ಗೊತ್ತಾಗಲ್ಲ. "ನರೀತಾ ಇದೆ" ಅಂದ್ರೆ ಒಂದು ಕೆಲಸ ನಡೀತಾ ಇದೆ, ನಾವು ಮಧ್ಯದಲ್ಲಿದೀವಿ ಅಂತ ಗೊತ್ತಾಗುತ್ತೆ.

ಇನ್ನೊಂದು ವಿಷಯ. "ನರೆ" ಅಕರ್ಮಕ ಧಾತು. ಅದಕ್ಕೆ "ಏನನ್ನು" ಅನ್ನೋ ಪ್ರಶ್ನೆ ಹಾಕೋಕಾಗಲ್ಲ. ತಿನ್ನು ಅಂದ್ರೆ ಏನನ್ನು ತಿನ್ನೋದು ಅಂತ ಕೇಳಬಹುದು. ನರೆ ಅಂದ್ರೆ ಏನನ್ನು ನರೆಯೋದು? ಪ್ರಶ್ನೇನೇ ನಿಲ್ಲಲ್ಲ. ಅದು ತಾನಾಗಿ ಆಗೋದು. ಯಾರೂ ಮಾಡಿದ್ದಲ್ಲ, ಮಾಡಿಸಿಕೊಂಡಿದ್ದೂ ಅಲ್ಲ.

ವಿಜ್ಞಾನವೂ ಇಲ್ಲಿ ವ್ಯಾಕರಣದ ಪರ. ಕೂದಲಿನ ಬುಡದಲ್ಲಿ ಮೆಲನಿನ್ ಅನ್ನೋ ಬಣ್ಣ ತಯಾರಿಸೋ ಜೀವಕೋಶಗಳಿವೆ. ಅವು ಕೆಲಸ ಕಮ್ಮಿ ಮಾಡಿದ್ರೆ, ಆಮೇಲೆ ಬೆಳೆಯೋ ಕೂದಲು ಬಣ್ಣ ಇಲ್ಲದೆ ಹೊರಗೆ ಬರುತ್ತೆ. ಆಗಲೇ ಹೊರಗಿರೋ ಕರಿ ಕೂದಲು ರಾತ್ರೋರಾತ್ರಿ ಬೆಳ್ಳಗಾಗಲ್ಲ. ನಮ್ಮ ಕಡೆ ಜನರಲ್ಲಿ 25ಕ್ಕೆ ಮುಂಚೆ ಹೀಗಾದ್ರೆ ಅದನ್ನ ಬಾಲನರೆ ಅಂತ ಲೆಕ್ಕ ಹಾಕ್ತಾರೆ. ಬಹಳ ಸಲ ಮನೆತನದಿಂದ ಬರುತ್ತೆ. ಕೆಲವರಿಗೆ ಬಿ12 ಕಮ್ಮಿ ಇರುತ್ತೆ, ಕೆಲವರಿಗೆ ಥೈರಾಯ್ಡ್. ಆದ್ದರಿಂದ "ಟೆನ್ಷನ್" ಅಂದ ಮಹಾನುಭಾವರೇ, ಬರೀ ಟೆನ್ಷನ್ ಅಲ್ಲ. ಹಾಗಿದ್ದಿದ್ರೆ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಆದ ಮಾರನೇ ದಿನ ಇಡೀ ಕ್ಲಾಸು ಬೆಳ್ಳಕ್ಕಿ ಹಿಂಡಿನ ತರ ಇರಬೇಕಿತ್ತು.

ನನಗೆ ಬಂದಿರೋದು ನಮ್ಮ ತಾತನ ಕಡೆಯಿಂದ. ಆಸ್ತಿ ಬರುತ್ತೆ ಅಂತ ಕಾಯ್ತಿದ್ವಿ, ಮೊದಲು ಇದು ಬಂತು.

ಭಾಗ 3/9
ಫೋಟೋ: ಕನ್ನಡ ನೋಟ್ಸ್. ಅಂಚಲ್ಲಿ ಬಿಡಿಸಿರೋ ಜಡೆ ಚಿತ್ರಕ್ಕೆ ಮಾರ್ಕ್ಸ್ ಕೊಡಲ್ಲ.

ಈಗ ಬಣ್ಣಕ್ಕೆ ಬರೋಣ. "ಕಪ್ಪು" ಯಾವ ಪದ? ಇಂಗ್ಲಿಷ್ ಕಲಿತ ತಲೆ ತಕ್ಷಣ "ಅಡ್ಜೆಕ್ಟಿವ್" ಅನ್ನುತ್ತೆ. ನಮ್ಮ ಶಾಲೆ ವ್ಯಾಕರಣ ಅದನ್ನ ಗುಣವಾಚಕ ಅಂತ ಕರೆದು, ಗುಣವಾಚಕವನ್ನ ನಾಮಪದದ ಒಂದು ವಿಧ ಅಂತಲೇ ಪಟ್ಟಿ ಮಾಡುತ್ತೆ.

ಒಂದು ಪರೀಕ್ಷೆ ಮಾಡಿ. ಕಪ್ಪನ್ನು, ಕಪ್ಪಿಗೆ, ಕಪ್ಪಿನ. ವಿಭಕ್ತಿ ಸಲೀಸಾಗಿ ಅಂಟ್ತು. "ಕಪ್ಪಿಗೆ ಬಿಳಿ ಚೆನ್ನಾಗಿ ಒಪ್ಪುತ್ತೆ" ಅಂತೀವಲ್ಲ. ಈಗ "ದೊಡ್ಡ" ತಗೊಳ್ಳಿ. ದೊಡ್ಡನ್ನು? ದೊಡ್ಡಿಗೆ? ಆಗಲ್ಲ. "ದೊಡ್ಡದನ್ನು" ಅನ್ನಬೇಕು. ಹೊಸ, ಹಳೆ, ಚಿಕ್ಕ ಕೂಡ ಹಾಗೇ. ಅಂದ್ರೆ ಕಪ್ಪು ನಾಮಪದದ ತರ ನಡ್ಕೊಳ್ಳುತ್ತೆ, ದೊಡ್ಡ ಹಾಗಲ್ಲ.

ಹಾಗಾದ್ರೆ ಕಪ್ಪಿನ ಮನೇಲಿ "ದೊಡ್ಡ" ತರ ಇರೋ ಪದ ಯಾವುದು? "ಕರಿ". ಕರಿಹಲಗೆ, ಕರಿಮಣಿ, ಕರಿಮೆಣಸು, ಕರಿಬೇವು. ಹಳೇ ಪಠ್ಯದಲ್ಲಿ ಭಾವನಾಮ ಅಂತ ಒಂದು ಪಾಠ ಇತ್ತು, ನೆನಪಿದೆಯಾ? ಕರಿದರ ಭಾವ ಕಪ್ಪು, ಬಿಳಿದರ ಭಾವ ಬಿಳುಪು, ಹಿರಿದರ ಭಾವ ಹಿರಿಮೆ. ಆವಾಗ ಉರು ಹೊಡೆದು ಬರೆದಿದ್ವಿ, ಈಗ ಅರ್ಥ ಆಗ್ತಿದೆ. ಕರಿ ಅನ್ನೋದು ಗುಣ ಹೇಳೋ ಪದ, ಕಪ್ಪು ಅನ್ನೋದು ಆ ಗುಣದ ಹೆಸರು.

ಬಿಳಿಗೂ ಹೀಗೇ ಒಂದು ಕುಟುಂಬ ಇದೆ. ಮುಂದೆ ಅಂಟುವಾಗ ಅದು "ಬೆಳ್" ಆಗುತ್ತೆ: ಬೆಳ್ಳುಳ್ಳಿ, ಬೆಳ್ಳಕ್ಕಿ, ಬೆಳದಿಂಗಳು. ಕೆಂಪು "ಕೆಂ" ಆಗುತ್ತೆ: ಕೆಂದಾವರೆ, ಕೆಂಗಣ್ಣು. ಕಪ್ಪಿಗೆ "ಕಾರ್" ಅನ್ನೋದೂ ಇದೆ: ಕಾರ್ಮೋಡ, ಕಾರ್ಗತ್ತಲು.

ಡಿ. ಎನ್. ಶಂಕರ ಭಟ್ಟರು "ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ" ಅಂತ ಒಂದು ಪುಸ್ತಕ ಬರೆದಿದ್ದಾರೆ. ಸಂಸ್ಕೃತದ ಅಚ್ಚಿಗೆ ಕನ್ನಡ ಸುರಿದು ನೋಡೋದು ಬೇಡ, ಕನ್ನಡ ಹೇಗೆ ನಡೆಯುತ್ತೋ ಹಾಗೆ ನೋಡಿ ಅನ್ನೋದು ಅವರ ವಾದ. ಅವರು ನಾಮಪದಕ್ಕೆ ಹೆಸರುಪದ, ಕ್ರಿಯಾಪದಕ್ಕೆ ಎಸಕಪದ, ಗುಣ ಹೇಳೋ ಪದಕ್ಕೆ ಪರಿಚೆಪದ ಅಂತಾರೆ. "ಹೆಸರುಪದ" ಅನ್ನೋದನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಹೆಸರಿಡೋ ಪದ. ಮುಂದೆ ಬೇಕಾಗುತ್ತೆ.

ಭಾಗ 4/9
ಫೋಟೋ: ಚಿಕ್ಕಮ್ಮನ ಅಂಗಡಿಯ ದಾರದ ರೀಲುಗಳು. ಫಿಲ್ಟರ್ ಹಾಕಿಲ್ಲ.

ನಮ್ಮ ಚಿಕ್ಕಮ್ಮ ತುಮಕೂರಲ್ಲಿ ಒಂದು ಮ್ಯಾಚಿಂಗ್ ಸೆಂಟರಲ್ಲಿ ಕೆಲಸ ಮಾಡ್ತಾರೆ. ಭಾನುವಾರ ಗಿರಾಕಿ ಜಾಸ್ತಿ, ನಾನೂ ಹೋಗಿ ಕೂರ್ತೀನಿ. ಜನ ಸೀರೆ ಸೆರಗು ಹಿಡ್ಕೊಂಡು ಬಂದು "ಇದಕ್ಕೆ ಫಾಲ್ ಕೊಡಿ" ಅಂತಾರೆ. ಚಿಕ್ಕಮ್ಮ ಸೆರಗು ತಗೊಂಡು ಬಾಗಿಲ ಹತ್ರ ಹೋಗಿ ಬಿಸಿಲಲ್ಲಿ ನೋಡಿ ಬಣ್ಣ ಹೇಳ್ತಾರೆ. ಟ್ಯೂಬ್‌ಲೈಟ್ ನಂಬಲ್ಲ.

ಅವರ ಬಣ್ಣದ ಪಟ್ಟಿ ಕೇಳಿ: ಗಿಳಿ ಹಸಿರು, ಎಲೆ ಹಸಿರು, ರಾಮಾ ಗ್ರೀನ್, ಬಾಟಲ್ ಗ್ರೀನ್, ಆನಂದಾ ಬ್ಲೂ, ಎಂ.ಎಸ್. ಬ್ಲೂ, ಈರುಳ್ಳಿ ಬಣ್ಣ, ಇಟ್ಟಿಗೆ ಬಣ್ಣ, ನೇರಳೆ, ಕಿತ್ತಳೆ, ಬೂದು. ಗಮನಿಸಿ, ಹೆಚ್ಚಿನವು ವಸ್ತುಗಳ ಹೆಸರು. ಹಣ್ಣು, ಹಕ್ಕಿ, ತರಕಾರಿ, ಬೂದಿ. ಎಂ.ಎಸ್. ಬ್ಲೂ ಅಂತೂ ಒಬ್ಬ ಗಾಯಕಿಯ ಹೆಸರು. ಎಂ. ಎಸ್. ಸುಬ್ಬುಲಕ್ಷ್ಮಿ ಉಡ್ತಿದ್ದ ಸೀರೆಯಿಂದ ಬಂದಿದ್ದು.

ಇಲ್ಲೊಂದು ಮಜಾ ಇದೆ. ಕಪ್ಪಗೆ, ಬೆಳ್ಳಗೆ, ಕೆಂಪಗೆ, ಹಚ್ಚಗೆ. ಕನ್ನಡದ ಹಳೇ ಬಣ್ಣಗಳಿಗೆ ಕೊನೇಲಿ "ಗೆ" ಸೇರಿಸಿದ್ರೆ ಮೆಲ್ಲಗೆ, ನೆಟ್ಟಗೆ ತರ ಅವ್ಯಯ ಆಗುತ್ತೆ. ಅಂದ್ರೆ ಹೇಗಿದೆ ಅಂತ ಹೇಳುತ್ತೆ. ಈಗ ನೀಲಿಗೆ "ಗೆ" ಹಾಕಿ. "ನೀಲಿಗೆ." ಅದು ಚತುರ್ಥಿ ವಿಭಕ್ತಿ ಆಗೋಯ್ತು! "ನೀಲಿಗೆ ಯಾವ ಬಾರ್ಡರ್ ಹಾಕ್ಲಿ" ಅನ್ನೋ ತರ. "ಗುಲಾಬಿಗೆ" ಅಂದ್ರೆ ಗಿಡಕ್ಕೆ ನೀರು ಹಾಕ್ತಿದೀರಾ ಅನ್ಸುತ್ತೆ. ನೀಲಿ, ಹಳದಿ, ಗುಲಾಬಿ ಬೇರೆ ಭಾಷೆಗಳಿಂದ ನಮ್ಮ ಮನೆಗೆ ಬಂದವು. ಅವುಗಳಿಗೆ "ಆಗಿ" ಬೇಕು: ನೀಲಿಯಾಗಿ, ಗುಲಾಬಿಯಾಗಿ.

"ಕಂದು" ಇನ್ನೂ ಚೆನ್ನಾಗಿದೆ. ಕಂದು ಬಣ್ಣ ಅಂದ್ರೆ ಬ್ರೌನ್. ಆದ್ರೆ "ಬಿಸಿಲಿಗೆ ಮುಖ ಕಂದಿದೆ" ಅಂದ್ರೆ ಕ್ರಿಯಾಪದ, ಬಾಡೋದು, ಮಂಕಾಗೋದು. ನರೆ ತರಾನೇ ಎರಡು ಖಾತೆ.

ಚಿಕ್ಕಮ್ಮ ಯಾವತ್ತೂ ಬಣ್ಣ ಹೇಳುವಾಗ "ಇದು ಗ್ರೀನ್" ಅಂತ ನಿಲ್ಲಿಸಲ್ಲ. "ಸ್ವಲ್ಪ ಹಸಿರಿಗೆ ಹೊಡೀತಿದೆ" ಅಂತಾರೆ. ನನಗೆ ಆ ಮಾತು ತುಂಬಾ ಇಷ್ಟ. ಬಣ್ಣ ಒಂದು ಕಡೆ ನಿಂತಿಲ್ಲ, ಯಾವುದೋ ಕಡೆ ಹೋಗ್ತಾ ಇದೆ.

ಭಾಗ 5/9
ಫೋಟೋ: ಅಜ್ಜಿಯ ತುರುಬು, ಹಿಂದಿನಿಂದ. ಕನಕಾಂಬರ ನಾನೇ ಮುಡಿಸಿದ್ದು.

ಇವತ್ತು ಬರೀ ಕೂದಲು. ಕನ್ನಡದಲ್ಲಿ ನಾವು ಕೂದಲು ಬಾಚಲ್ಲ, ಗಮನಿಸಿದೀರಾ? "ತಲೆ ಬಾಚ್ಕೋ" ಅಂತೀವಿ. ಬಾಚು ಕ್ರಿಯೆ, ಬಾಚಣಿಗೆ ಅದರಿಂದ ಹುಟ್ಟಿದ ನಾಮಪದ. ನಮ್ಮ ಕ್ಲಾಸಲ್ಲಿ ವಿಜಯಪುರದಿಂದ ಬಂದು ಹಾಸ್ಟೆಲಲ್ಲಿರೋ ಒಬ್ಬಳಿದ್ದಾಳೆ. ಮೊದಲನೇ ವಾರ "ಹಣಿಗಿ ಎಲ್ಲೈತಿ, ತಲಿ ಹಿಕ್ಕೋಬೇಕು" ಅಂದಾಗ ರೂಮಿನವರಿಗೆ ಒಂದಕ್ಷರ ಅರ್ಥ ಆಗಿಲ್ವಂತೆ. ಹಣಿಗೆ ಅಂದ್ರೆ ಬಾಚಣಿಗೆ, ಹಿಕ್ಕು ಅಂದ್ರೆ ಬಾಚು. ಈಗ ಆ ರೂಮಿನ ಮೈಸೂರು ಹುಡುಗಿಯೂ ಹಣಿಗಿ ಅಂತಾಳೆ.

ಸಿಕ್ಕು: ನಾಮಪದ, "ಸಿಕ್ಕು ಬಿಡಿಸು" ಅಂದಾಗ. "ಸಿಕ್ಕಿಕೊಂಡಿದೆ" ಅಂದಾಗ ಕ್ರಿಯೆ. ಕೆದರು: ಕ್ರಿಯೆ, ಅದರಿಂದ ಕೆದರಿದ ಕೂದಲು, ಅಂದ್ರೆ ಬೆಳಿಗ್ಗೆ ಎಂಟೂವರೆಯ ಬಸ್ ಇಳಿದಾಗ ನಮ್ಮೆಲ್ಲರ ತಲೆ. ಗುಂಗುರು ಕೂದಲು, ಮುಂಗುರುಳು, ಜುಟ್ಟು, ಜಡೆ, ಹೆರಳು, ಬೈತಲೆ. ಹೊಟ್ಟು, ಹೇನು, ಸೀರು ಕೂಡ ನಾಮಪದಗಳೇ, ಫೋಟೋ ಹಾಕಲ್ಲ ಬಿಡಿ.

ನನ್ನ ಫೇವರಿಟ್ "ಮುಡಿ". ನಾಮಪದವಾಗಿ ಅದು ಕಟ್ಟಿದ ಕೂದಲು. ಕ್ರಿಯಾಪದವಾಗಿ ಹೂ ಮುಡಿಯೋದು. ಹೂವನ್ನ ಕೈಯಲ್ಲಿ ಹಿಡೀತೀವಿ, ದೇವರಿಗೆ ಏರಿಸ್ತೀವಿ, ಆದ್ರೆ ಮುಡಿಯೋದು ತಲೆಗೆ ಮಾತ್ರ. ಹೂವಿಗೆ ಅಂತಲೇ ಒಂದು ಕ್ರಿಯಾಪದ ಇಟ್ಟಿದೀವಿ. ದೇವರಿಗೆ ಹರಕೆ ಹೊತ್ತು ತಲೆ ಬೋಳಿಸಿಕೊಂಡ್ರೆ "ಮುಡಿ ಕೊಟ್ಟು ಬಂದ್ರು" ಅಂತೀವಿ. ಕರಾವಳಿ ಕಡೆ ಅಕ್ಕಿಯನ್ನ ಹುಲ್ಲಿನಲ್ಲಿ ಸುತ್ತಿ ಬಿಗಿದು ಕಟ್ಟಿದ್ರೆ ಅದು ಅಕ್ಕಿಮುಡಿ. ಎಲ್ಲದರಲ್ಲೂ ಕಟ್ಟೋದು ಇದೆ. ಪಂಪ, ರನ್ನರ ಕಾವ್ಯಗಳಲ್ಲಿ ದ್ರೌಪದಿಯ ಬಿಚ್ಚಿದ ಮುಡಿಯನ್ನ ಕಟ್ಟೋದೇ ಒಂದು ದೊಡ್ಡ ಪ್ರತಿಜ್ಞೆ. ಅದಕ್ಕೆ ಒಂದು ಯುದ್ಧವೇ ನಡೀಬೇಕಾಯ್ತು.

ಅಂದ್ರೆ ಕೂದಲಿನ ವಿಷಯದಲ್ಲಿ "ಯಾರು ಕಟ್ಟಿದ್ರು, ಯಾರು ಬಿಚ್ಚಿದ್ರು, ಯಾರು ಬೋಳಿಸಿದ್ರು" ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಎಂಟನೇ ಭಾಗಕ್ಕೆ ಇದನ್ನ ನೆನಪಿಟ್ಕೊಳ್ಳಿ.

ಭಾಗ 6/9
ಫೋಟೋ: ಜಿಎಸ್‌ಟಿ ನೋಟ್ಸ್ ಮೇಲೆ ಒಂದು ಹೇರ್ ಕ್ಲಿಪ್. ಇದು ಬಿಕಾಂನವರಿಗೆ, ಚಿಕ್ಕ ಪೋಸ್ಟ್.

ಸರಕುಗಳಿಗೂ ವ್ಯಾಕರಣ ಇದೆ, ಅದರ ಹೆಸರು ಎಚ್‌ಎಸ್‌ಎನ್ ಕೋಡ್. ಮನುಷ್ಯರ ಕೂದಲು ಏನೂ ಸಂಸ್ಕರಿಸದೆ ಇದ್ರೆ 0501. ಅದನ್ನೇ ಬಿಡಿಸಿ, ಸಮ ಮಾಡಿ, ಬಣ್ಣ ತೆಗೆದು ಸಿದ್ಧ ಮಾಡಿದ್ರೆ 6703. ವಿಗ್ ಆದ್ರೆ 6704. ತಲೆಗೆ ಹಚ್ಚೋ ಡೈ 3305. ಅದೇ ಕೂದಲು, ಅದಕ್ಕೆ ಏನು ಮಾಡಿದ್ರು ಅನ್ನೋದರ ಮೇಲೆ ಅಧ್ಯಾಯವೇ ಬದಲಾಗುತ್ತೆ.

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇದೇ ಒಂದು ಉದ್ಯಮ. ಬಾಚಣಿಗೇಲಿ ಉಳಿದ ಕೂದಲನ್ನ ಉಂಡೆ ಮಾಡಿ ಗೋಡೆ ಸಂದೀಲಿ ಸಿಕ್ಕಿಸಿಟ್ಟು, ಬೀದೀಲಿ ಬರೋರಿಗೆ ಕೊಟ್ಟು ಪಾತ್ರೆನೋ ಪಿನ್ನೋ ತಗೋತಾರಲ್ಲ, ಅಂಥ ಕೂದಲಿನ ಸಿಕ್ಕು ಬಿಡಿಸಿ, ಉದ್ದದ ಪ್ರಕಾರ ಜೋಡಿಸೋ ಕೆಲಸ. ಕಷ್ಟದ ಕೆಲಸ, ಮಾಡೋರಲ್ಲಿ ಹೆಂಗಸರು ತುಂಬಾ ಇದ್ದಾರೆ.

ನನಗೆ ಇಲ್ಲಿ ಹಿಡಿಸಿದ್ದು ಒಂದೇ. ಸುಂಕದ ಪಟ್ಟಿ ಕೂಡ ಕೂದಲನ್ನ ಗುರುತಿಸೋದು "ಇದಕ್ಕೆ ಏನು ಮಾಡಲಾಗಿದೆ" ಅಂತ ಕೇಳಿ. ಬರೀ ನೋಡಿ ಹೆಸರಿಡಲ್ಲ. ನಾವು ಮನುಷ್ಯರಿಗೆ ಅಷ್ಟೂ ಕೇಳಲ್ಲ.

ಭಾಗ 7/9
ಫೋಟೋ: ಎಥ್ನಿಕ್ ಡೇ, ನಾವೆಲ್ಲಾ. ಫಿಲ್ಟರ್ ಹಾಕಿ ಎಲ್ಲರನ್ನೂ ಒಂದೇ ಬಣ್ಣ ಮಾಡಿದ ಆವೃತ್ತಿ ಗ್ರೂಪಲ್ಲಿದೆ. ಇದು ಒರಿಜಿನಲ್.

"ಅವನು ಕಪ್ಪಗಿದ್ದಾನೆ." ಈ ವಾಕ್ಯ ಬಿಡಿಸಿ ನೋಡಿ. ಕಪ್ಪಗೆ, ಇದ್ದಾನೆ. ಕಪ್ಪಗೆ ಅವ್ಯಯ, ಇದ್ದಾನೆ ಕ್ರಿಯೆ. ಸುಮ್ಮನಿದ್ದಾನೆ, ನೆಟ್ಟಗಿದ್ದಾನೆ ಇದ್ದ ಹಾಗೆ. ಕನ್ನಡ ಇಲ್ಲಿ ಎಷ್ಟು ಮರ್ಯಾದೆಯಿಂದ ನಡ್ಕೊಂಡಿದೆ ನೋಡಿ. ಅವನು ಅವನೇ. ಬಣ್ಣ ಅವನು ಇರೋ ಒಂದು ರೀತಿ ಅಷ್ಟೇ.

"ಅವನು ಕರಿಯ." ಇದು ನಾಮಪದ. ಇಲ್ಲಿ ಇರೋದು ಅನ್ನೋ ಕ್ರಿಯೆಯೇ ಇಲ್ಲ. ಅವನು ಸಮ ಕರಿಯ, ಲೆಕ್ಕ ಮುಗೀತು. ವಿಭಕ್ತಿ ಅಂಟುತ್ತೆ: ಕರಿಯನನ್ನು ಕರಿ, ಕರಿಯನಿಗೆ ಹೇಳು, ಕರಿಯನ ಬೈಕು. ಸ್ವಲ್ಪ ದಿನ ಆದ್ಮೇಲೆ ಅಟೆಂಡೆನ್ಸ್ ರಿಜಿಸ್ಟರಲ್ಲಿರೋ ಹೆಸರು ಯಾರಿಗೂ ನೆನಪಿರಲ್ಲ.

ಹಾಗಂತ ಬಣ್ಣದ ಹೆಸರೆಲ್ಲಾ ಬೈಗುಳ ಅಂತ ನಾನು ಹೇಳ್ತಿಲ್ಲ. ಬೆಂಗಳೂರು ಕಟ್ಟಿದವರ ಹೆಸರೇ ಕೆಂಪೇಗೌಡ. ನಮ್ಮ ಕಡೆ ಊರೂರಲ್ಲಿ ಕರಿಯಮ್ಮನ ಗುಡಿ ಇದೆ, ಹಾಸನದ ಕಡೆ ಕೆಂಚಮ್ಮ ಇದ್ದಾಳೆ. ಕರಿಯಪ್ಪ, ಕಾಳಯ್ಯ, ಕೆಂಪಮ್ಮ ಅಂತ ಹೆಸರಿರೋ ಹಿರಿಯರು ನಮ್ಮೆಲ್ಲರ ಮನೇಲೂ ಇದ್ರು. ಅಲ್ಲಿ ಹೆಸರಿಟ್ಟಿದ್ದು ಹೆತ್ತವರು, ಇಲ್ಲವೇ ಕೈ ಮುಗಿದ ಭಕ್ತರು. ಹೆಸರಿನ ಕೊನೇಲಿ ಅಪ್ಪ ಇದೆ, ಅಮ್ಮ ಇದೆ, ಅಯ್ಯ ಇದೆ. ಕಪ್ಪು ಅಲ್ಲಿ ಕೊರತೆ ಅಲ್ಲ, ಗುರುತು.

ನಮ್ಮ ಕ್ಲಾಸಲ್ಲಿ ಹೆಸರಿಟ್ಟಿದ್ದು ಯಾರು? ಹಿಂದಿನ ಬೆಂಚು. ಕೊನೇಲಿ ಏನಿದೆ? ನಗು.

ನನಗಿಟ್ಟಿರೋ ಹೆಸರು "ಅಜ್ಜಿ". ನಿಜ ಹೇಳ್ತೀನಿ, ನಮ್ಮಜ್ಜಿ ಅಂದ್ರೆ ನನಗೆ ಪ್ರಾಣ, ಆ ಪದದಲ್ಲಿ ನನಗೆ ಏನೂ ಬೇಜಾರಿಲ್ಲ. ಬೇಜಾರಿರೋದು ಗಡಿಯಾರದ ಬಗ್ಗೆ. ನನ್ನ ಕೂದಲು ನರೀತಾ ಇದೆ, ನಾನು ಇಪ್ಪತ್ತರಲ್ಲಿದೀನಿ, ಟ್ಯಾಲಿ ಕಲೀತಾ ಇದೀನಿ, ಸ್ಕೂಟಿ ಓಡಿಸ್ತೀನಿ. ಎಷ್ಟೊಂದು ಕ್ರಿಯಾಪದ ಇದಾವೆ ನೋಡಿ ನನ್ನ ಹತ್ರ. ನೀವು ಒಂದು ನಾಮಪದ ಎತ್ಕೊಂಡು ಅಷ್ಟನ್ನೂ ಮುಚ್ಚಿಬಿಡ್ತೀರಿ.

ಭಾಗ 8/9
ಫೋಟೋ: ಇಲ್ಲ. ಇವತ್ತು ಬರೀ ಕಪ್ಪು ಹಿನ್ನೆಲೆ.

ಇವತ್ತಿನದು ಸ್ವಲ್ಪ ಭಾರ. ಆದ್ರೂ ಪೂರ್ತಿ ಓದಿ.

ಬೋಳು: ಗುಣ ಹೇಳೋ ಪದ. ಬೋಳು ತಲೆ, ಬೋಳು ಗುಡ್ಡ, ಎಲೆ ಉದುರಿದ ಬೋಳು ಮರ. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಬೋಳಿಸು: ಕ್ರಿಯಾಪದ. ಕೊನೇಲಿ "ಇಸು" ಇದೆ. ನರೆ ತರ ಇದು ತಾನಾಗಿ ಆಗಲ್ಲ, ಸಕರ್ಮಕ. ಯಾರೋ ಒಬ್ಬರು ಇನ್ನೊಬ್ಬರ ತಲೆಯನ್ನು ಬೋಳಿಸಬೇಕು. ಕರ್ತೃ ಇದ್ದಾನೆ, ಕರ್ಮ ಇದೆ, ಕತ್ತಿಯೂ ಇದೆ.

ಈಗ ಮೂರನೇದು. ಬೋಳಿ. ನಾಮಪದ, ಸ್ತ್ರೀಲಿಂಗ. ಇದರ ಅರ್ಥ "ಕೂದಲಿಲ್ಲದವಳು" ಅಂತ ಅಷ್ಟೇ ಅಲ್ಲ, ತಲೆ ಬೋಳಿಸಿದ ವಿಧವೆ. ಕೆಲವು ಸಮುದಾಯಗಳಲ್ಲಿ, ಮುಖ್ಯವಾಗಿ ಬ್ರಾಹ್ಮಣ ಮನೆಗಳಲ್ಲಿ, ಗಂಡ ಸತ್ತ ಹೆಣ್ಣಿನ ತಲೆ ಬೋಳಿಸೋ ಪದ್ಧತಿ ಇತ್ತು. ಬಾಲ್ಯವಿವಾಹದ ಕಾಲ ಅದು, ಹಾಗಾಗಿ ಅದರಲ್ಲಿ ಚಿಕ್ಕ ಚಿಕ್ಕ ಹುಡುಗಿಯರೂ ಇದ್ರು. ಹೆಂಡತಿ ಸತ್ತ ಗಂಡಿನ ತಲೆಯನ್ನ ಜೀವನಪೂರ್ತಿ ಯಾರೂ ಬೋಳಾಗಿ ಇಡಲಿಲ್ಲ. ಅವನಿಗೆ ಅಂತ ಹೀಗೊಂದು ಬೈಗುಳವೂ ಹುಟ್ಟಲಿಲ್ಲ. ಕೂದಲು ಉಳಿಸಿಕೊಂಡ ವಿಧವೆಗೆ "ಸಕೇಶಿ" ಅಂತ ಬೇರೆ ಪದ ಬೇಕಾಯ್ತು, ಅಂದ್ರೆ ಕೂದಲಿರೋಳು ಅಂತ. ತಲೇಲಿ ಕೂದಲಿರೋದಕ್ಕೂ ಒಂದು ಪದ ಬೇಕಾದ್ರೆ, ಬೋಳಿಸೋದು ಎಷ್ಟು ಮಾಮೂಲಾಗಿತ್ತು ಅಂತ ಯೋಚಿಸಿ.

ಎಂ. ಕೆ. ಇಂದಿರಾ ಅವರ "ಫಣಿಯಮ್ಮ" ಕಾದಂಬರಿ 1976ರದ್ದು. 1983ರಲ್ಲಿ ಪ್ರೇಮಾ ಕಾರಂತರು ಅದನ್ನ ಸಿನಿಮಾ ಮಾಡಿದ್ರು. ಬಾಲ್ಯದಲ್ಲೇ ವಿಧವೆಯಾದ ಒಬ್ಬಳ ಇಡೀ ಬದುಕು ಅದರಲ್ಲಿದೆ. ತಲೆ ಬೋಳಿಸಿಕೊಳ್ಳಲ್ಲ ಅಂತ ಗಟ್ಟಿಯಾಗಿ ನಿಲ್ಲೋ ಇನ್ನೊಬ್ಬ ಹುಡುಗಿಯೂ ಬರ್ತಾಳೆ, ಫಣಿಯಮ್ಮ ಅವಳ ಪರ ನಿಲ್ತಾಳೆ. ಚಿಕ್ಕ ಪುಸ್ತಕ, ಲೈಬ್ರರೀಲಿ ಕೇಳಿ ನೋಡಿ.

ಈಗ ನಮ್ಮ ಕ್ಯಾಂಟೀನ್ ಹತ್ರ ಐದು ನಿಮಿಷ ನಿಂತ್ಕೊಳ್ಳಿ. "ಬೋಳಿಮಗ" ಎಷ್ಟು ಸಲ ಕಿವಿಗೆ ಬೀಳುತ್ತೆ? ಪ್ರೀತಿಗೂ ಅದೇ, ಸಿಟ್ಟಿಗೂ ಅದೇ, ಬಸ್ ಮಿಸ್ಸಾದ್ರೂ ಅದೇ. "ಮುಂಡೆ", "ಮುಂಡೇಮಗ" ಕೂಡ ಅದೇ ಮನೆಯದು, ಮುಂಡ ಅಂದ್ರೆ ಬೋಳಿಸಿದ ತಲೆ. ಎರಡು ಬೈಗುಳ, ಎರಡರ ಒಳಗೂ ಒಬ್ಬ ಹೆಣ್ಣಿನ ಬೋಳಿಸಿದ ತಲೆ.

ವ್ಯಾಕರಣ ಏನು ಮಾಡ್ತು ನೋಡಿ. ಕ್ರಿಯಾಪದದಲ್ಲಿ ಮಾಡಿದವನೊಬ್ಬ ಇದ್ದ. "ಅವರು ಅವಳ ತಲೆ ಬೋಳಿಸಿದರು." ನಾಮಪದ ಆದ ತಕ್ಷಣ ಅವರು ಮಾಯ. ಕತ್ತಿ ಹಿಡಿದವರು, ಹಿಡಿಸಿದವರು, ಜಗಲಿ ಮೇಲೆ ಕೂತು ನೋಡಿದವರು, ಯಾರ ಹೆಸರೂ ಬೈಗುಳ ಆಗಲಿಲ್ಲ. ಅನುಭವಿಸಿದವಳು ಮಾತ್ರ ಬೈಗುಳ ಆಗಿ ಉಳಿದಳು. ಅವಳು ಹೋದ ಮೇಲೂ ಅವಳಿಗೆ ಇಲ್ಲದ ಮಗನನ್ನ ನಾವು ದಿನಾ ಕರೀತಾ ಇದೀವಿ.

ಭಾಗ 9/9
ಫೋಟೋ: ಒಂದು ಖಾಲಿ ಕಾಲಂ ಇರೋ ಲಿಸ್ಟ್. ಹೆಸರುಗಳನ್ನ ಮುಚ್ಚಿದೀನಿ.

ಕ್ಲಾಸಿನ ವಿಷಯ ಇದೆ ಅಂದಿದ್ದೆನಲ್ಲ, ಇದೇ. ಫೆಸ್ಟಿಗೆ ನಾವು ಟೀ ಶರ್ಟ್ ಮಾಡಿಸ್ತಿದೀವಿ. ದುಡ್ಡು ಕಲೆಕ್ಟ್ ಮಾಡೋದು, ಲೆಕ್ಕ ಇಡೋದು ನನ್ನ ಕೆಲಸ. ಲಿಸ್ಟಲ್ಲಿ ಮೂರು ಕಾಲಂ: ಹೆಸರು, ಸೈಜು, ಬೆನ್ನ ಮೇಲೆ ಏನು ಬರೆಸಬೇಕು. ಗ್ರೂಪಲ್ಲಿ ಲಿಸ್ಟ್ ಓಪನ್ ಬಿಟ್ಟಿದ್ದಕ್ಕೆ ಮೂರನೇ ಕಾಲಂ ಒಂದೇ ರಾತ್ರೀಲಿ ತುಂಬಿತ್ತು. ತುಂಬಿದ್ದು ಆಯಾ ಜನ ಅಲ್ಲ, ಬೇರೆಯವರು. ಕರಿಯ. ಅಜ್ಜಿ. ಬಕ್ಕ. ಕೆಂಚಿ. ಇನ್ನೂ ಎರಡು ಇಲ್ಲಿ ಬರೆಯೋ ಹಾಗಿಲ್ಲ.

ಮಾರನೇ ದಿನ ಇಬ್ಬರು ನನಗೆ ಬೇರೆ ಬೇರೆಯಾಗಿ ಮೆಸೇಜ್ ಮಾಡಿದ್ರು. ಯಾರು ಅಂತ ಹೇಳಲ್ಲ, ಊಹೆ ಮಾಡೋದೂ ಬೇಡ. ಒಬ್ಬರದು ಒಂದೇ ಸಾಲು: "ನಂದು ಬರೀ ನಂಬರ್ ಹಾಕ್ಸು, ಗ್ರೂಪಲ್ಲಿ ಹೇಳ್ಬೇಡ." ಗ್ರೂಪಲ್ಲಿ ಅದೇ ಹೆಸರಿಗೆ ಎಲ್ಲರಿಗಿಂತ ಮೊದಲು ನಗೋ ಎಮೋಜಿ ಹಾಕಿದ್ದೂ ಅವರೇ. ನಗ್ತಾರೆ ಅಂದ್ರೆ ಒಪ್ಪಿದ್ದಾರೆ ಅಂತ ಅಲ್ಲ ಕಣ್ರೋ.

ಅದಕ್ಕೇ ಮೂರನೇ ಕಾಲಂ ಅಳಿಸಿದೀನಿ. ಶನಿವಾರ ಸಂಜೆ ಆರರೊಳಗೆ ಪ್ರತಿಯೊಬ್ಬರೂ ತಮ್ಮದನ್ನ ತಾವೇ ನನಗೆ ಡಿಎಂ ಮಾಡಿ. ಅಡ್ಡಹೆಸರು ಇಷ್ಟ ಇದ್ರೆ ಅದನ್ನೇ ಕಳಿಸಿ, ನಾನು ಜಡ್ಜ್ ಮಾಡಲ್ಲ. "ಕೆಂಚಿ" ಅಂತ ಹೆಮ್ಮೆಯಿಂದ ಹಾಕಿಸ್ಕೊಳ್ಳೋರಿದ್ರೆ ಖುಷಿಯಾಗಿ ಹಾಕಿಸ್ತೀನಿ. ಬೇರೆಯವರ ಪರವಾಗಿ ಕಳಿಸಿದ್ದನ್ನ ಮಾತ್ರ ತಗೊಳ್ಳಲ್ಲ. ಏನೂ ಕಳಿಸದಿದ್ರೆ ರಿಜಿಸ್ಟರಲ್ಲಿರೋ ಹೆಸರು ಬರುತ್ತೆ. ರಸೀದಿ ಇಲ್ಲದ ಎಂಟ್ರಿ ನಾನು ಪುಸ್ತಕಕ್ಕೆ ಹತ್ತಿಸಲ್ಲ, ಅಷ್ಟೇ.

ಡೈ ಬಗ್ಗೆ ಕೇಳ್ತಿದ್ರಲ್ಲ. ಮುಂದಿನ ತಿಂಗಳು ಅಕ್ಕನ ಮದುವೆ, "ಒಂದ್ಸಲ ಹಚ್ಕೊಂಬಿಡು, ಜನ ಕೇಳ್ತಾರೆ" ಅಂತ ಅಮ್ಮ ಹೇಳ್ತಿದ್ದಾರೆ. ಅಮ್ಮನಿಗೆ ಜನರ ಬಾಯಿಯದೇ ಚಿಂತೆ, ನನ್ನ ಕೂದಲಿಂದಲ್ಲ. ಅದು ನನಗೂ ಅರ್ಥ ಆಗುತ್ತೆ. ಹಚ್ಕೊಂಡ್ರೂ ಹಚ್ಕೋಬಹುದು, ಇಲ್ಲದಿದ್ರೂ ಇಲ್ಲ. ಹಚ್ಚೋದು ಸಕರ್ಮಕ ಕ್ರಿಯೆ. ನನ್ನ ತಲೆ ಮಟ್ಟಿಗೆ ಅದರ ಕರ್ತೃ ನಾನೇ ಆಗಿರಬೇಕು, ಅಷ್ಟು ಸಾಕು.

ಸರಣಿ ಇಲ್ಲಿಗೆ ಮುಗೀತು. ನಿಮ್ಮ ಊರಲ್ಲಿ ಬಾಚಣಿಗೆಗೆ ಏನಂತಾರೆ, ಜಡೆಗೆ ಏನಂತಾರೆ, ಕಾಮೆಂಟಲ್ಲಿ ಹಾಕಿ, ಜೊತೆಗೆ ಊರಿನ ಹೆಸರೂ ಇರ್ಲಿ. ಟೀ ಶರ್ಟಿನ ಬಾಕಿ ದುಡ್ಡು ಹನ್ನೊಂದು ಜನರದು ಇನ್ನೂ ಬಂದಿಲ್ಲ. ಅವರ ಹೆಸರು ಮಾತ್ರ ನಾನೇ ಗ್ರೂಪಲ್ಲಿ ಹಾಕ್ತೀನಿ, ನಾಮಪದವಾಗಿ.

#ತಲೆಗೂದಲಿನ_ವ್ಯಾಕರಣ #ನರೆ #ಬಾಲನರೆ #ಬಿಕಾಂ_ಕನ್ನಡ #ಹೆಸರುಪದ